ತಪ್ಪಿನ ನಂತರದ ಐದು ಸೆಕೆಂಡು

ಕ್ಲಬ್ಬಿನವರು ಅವನನ್ನು ಎದುರಿಗೆ ‘ಸಾರ್’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ತಕ್ಕಡಿ’. ಅದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದು ಒಳಗೊಳಗೇ ಹಿಗ್ಗುತ್ತಿದ್ದ. ಹಾಕಿ ಆಡುವ ಎಳೆಯರನ್ನು ನೋಡಿ, ಇವರು ಸಂಬಳಕ್ಕೆ ಆಡುವ ತಂಡಕ್ಕೆ ತಯಾರಾಗಿದ್ದಾರೋ ಇಲ್ಲವೋ ಎಂದು ಬರೆದುಕೊಡುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಲ್ಲಿ ನಾನೂರು ವರದಿ ಬರೆದಿದ್ದ, ಒಂದನ್ನೂ ತಿದ್ದಿರಲಿಲ್ಲ. ಪಂದ್ಯದ ಕೊನೆಯ ಸೀಟಿ ಊದುವುದರೊಳಗೆ ಬರೆದು ಮುಗಿಸಿ ಲಕೋಟೆ ಅಂಟಿಸಿಬಿಡಬೇಕು ಎಂಬುದು ಅವನದೇ ನಿಯಮ. ಗೆದ್ದವರೆಲ್ಲ ಚೆಂದ ಕಾಣುತ್ತಾರೆ, ಸೋತವರೆಲ್ಲ ಸೊರಗಿ ಕಾಣುತ್ತಾರೆ, ಅಂಥ ಕಣ್ಣಿಂದ ತೂಗಬಾರದು ಎನ್ನುತ್ತಿದ್ದ.

ಅವನ ಹಾಳೆಯಲ್ಲಿ ಓಟ, ಚೆಂಡಿನ ಹಿಡಿತ, ಪಾಸಿನ ಲೆಕ್ಕಾಚಾರ ಎಂದು ಎಲ್ಲರ ಹಾಳೆಯಲ್ಲೂ ಇರುವ ಕಾಲಂಗಳಿದ್ದವು. ಅವುಗಳ ಜೊತೆಗೆ ಅವನೇ ಕಂಡುಹಿಡಿದ ಇನ್ನೊಂದಿತ್ತು: ‘ತಪ್ಪಿನ ನಂತರದ ಐದು ಸೆಕೆಂಡು’. ತಪ್ಪು ಎಲ್ಲರೂ ಮಾಡುತ್ತಾರೆ. ಮಾಡಿದ ಮೇಲೆ ಆ ಐದು ಸೆಕೆಂಡಿನಲ್ಲಿ ಏನು ಮಾಡುತ್ತಾರೆ ಎನ್ನುವುದರಲ್ಲಿದೆ ಮರ್ಮ. ಕೆಲಸಗಾರನಾದವನು ತಿರುಗಿ ಓಡಿ ತನ್ನ ಜಾಗಕ್ಕೆ ಬರುತ್ತಾನೆ. ಇನ್ನೂ ಮಗುವಾಗಿರುವವನು ತಲೆಯೆತ್ತಿ ಕೋಚನ್ನೋ ಅಪ್ಪನನ್ನೋ ಹುಡುಕುತ್ತಾನೆ, ಬೈತಾರಾ ಅಂತ. ಹುಡುಕಿದರೆ ಸೊನ್ನೆ. ಈ ಕಾಲಂ ಎಷ್ಟು ಹೆಸರು ಮಾಡಿತೆಂದರೆ ಲೀಗಿನ ಉಳಿದ ಕ್ಲಬ್ಬುಗಳೂ ಅದನ್ನು ಎರವಲು ತೆಗೆದುಕೊಂಡವು. ಅವನ ವರದಿಯ ನಕಲುಗಳನ್ನೂ ತರಿಸಿಕೊಂಡು ಓದುತ್ತಿದ್ದವು.

ಆ ವರ್ಷದ ಆಯ್ಕೆ ಪಂದ್ಯಕ್ಕೆ ಬಂದವರಲ್ಲಿ ಅವನ ಅಣ್ಣನ ಮಗಳೂ ಇದ್ದಳು. ಅಣ್ಣ ಲಾರಿ ಹತ್ತಿದರೆ ತಿಂಗಳುಗಟ್ಟಲೆ ಊರಿಗೆ ಬಾರದವನು. ಹಾಗಾಗಿ ತಾಯಿಯಿಲ್ಲದ ಹುಡುಗಿ ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲೇ ಬೆಳೆದಿದ್ದಳು. ಎರಡನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ, ಮುರಿದ ಛತ್ರಿಯ ಕೋಲು ಕೊಟ್ಟು, ಟೆನಿಸ್ ಚೆಂಡು ಹಾಕಿ ಅವನೇ ಆಡಿಸಿದ್ದ. ಕೆಳಮನೆಯ ಮುದುಕಿ ದಿನಕ್ಕೆರಡು ಸಲ ಮೇಲೆ ಬಂದು ಜಗಳ ತೆಗೆಯುತ್ತಿದ್ದಳು. ಈಗ ಹುಡುಗಿ ಮಧ್ಯಮೈದಾನದಲ್ಲಿ ಆಡುತ್ತಿದ್ದಳು, ಚೆಂಡು ಬರುವ ಮೊದಲೇ ಅದನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿದವಳ ಹಾಗೆ. ಹತ್ತೊಂಬತ್ತು ತುಂಬುವುದಕ್ಕೆ ಮೂರು ತಿಂಗಳಿತ್ತು. ತುಂಬಿದ ಮೇಲೆ ಕಿರಿಯರ ಒಪ್ಪಂದವಿಲ್ಲ ಎಂಬುದು ಲೀಗಿನ ನಿಯಮ. ಅಂದರೆ ಇದೇ ಅವಳ ಕೊನೆಯ ಬಾಗಿಲು.

ಅವನು ಮ್ಯಾನೇಜರ ಬಳಿ ಹೋಗಿ, “ಈ ಸಲ ಬೇರೆಯವರನ್ನ ಕೂರಿಸಿ. ಅವಳು ನಮ್ಮ ಮನೆ ಹುಡುಗಿ,” ಎಂದ.

ಮ್ಯಾನೇಜರು ನಕ್ಕ. “ಬೇರೆಯವರು ನಿಮ್ಮ ಮುಖ ನೋಡಿ ಒಂದು ಅಂಕ ಜಾಸ್ತಿ ಹಾಕ್ಬಿಡ್ತಾರೆ. ನೀವು ಹಾಕಲ್ಲ. ನೀವೇ ಕೂತ್ಕೊಳ್ಳಿ.”

ಆ ಮಾತು ಅವನ ತಲೆಗೆ ಏರಿತು. ಹೊಗಳಿಕೆಯ ಗಾಳಿ ಹೊಡೆದರೆ ಎಂಥ ತಕ್ಕಡಿಯ ತಟ್ಟೆಯೂ ವಾಲುತ್ತದೆ. ಅವನದು ವಾಲಿದ್ದು ಹುಡುಗಿಗೆ ವಿರುದ್ಧವಾಗಿ.

ಪಂದ್ಯದ ದಿನ ಸುಡುಬಿಸಿಲು. ಆರು ತಿಂಗಳ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡಿದ್ದವನಿಗೆ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಆದರೆ ಮೇಲಿನ ಸಾಲಿನಲ್ಲಿ ಕೂರದಿದ್ದರೆ ಮೈದಾನ ಅಂಗೈಯಷ್ಟು ಚೊಕ್ಕವಾಗಿ ಕಾಣುವುದಿಲ್ಲ. ಡಾಕ್ಟರಿಗೆ ಹಾಕಿ ಏನು ಗೊತ್ತು ಎಂದುಕೊಂಡು ನಲವತ್ತು ಮೆಟ್ಟಿಲು ಹತ್ತಿ ಕೂತ.

ಹುಡುಗಿ ಚೆನ್ನಾಗಿಯೇ ಆಡಿದಳು. ಒಂದು ಗೋಲು ಅವಳ ಪಾಸಿನಿಂದಲೇ ಬಂತು. ಮೊದಲ ತಪ್ಪು ಎರಡನೇ ಕ್ವಾರ್ಟರಿನಲ್ಲಿ: ಚೆಂಡು ಕೋಲಿನ ತುದಿ ಸವರಿ ಗೆರೆಯಾಚೆ ಹೋಯಿತು. ಅವನು ಎಂದಿನಂತೆ ಚೆಂಡು ಬಿಟ್ಟು ಮುಖ ನೋಡಿದ. ಹುಡುಗಿ ತಲೆಯೆತ್ತಿ ನೇರವಾಗಿ ಮೇಲಿನ ಸಾಲಿಗೆ, ಅವನತ್ತಲೇ ನೋಡುತ್ತಿದ್ದಳು. ಅವನಿಗೆ ಕಸಿವಿಸಿಯಾಯಿತು. ಎರಡನೇ ತಪ್ಪಿಗೂ ಅದೇ, ಮೂರನೆಯದಕ್ಕೂ ಅದೇ. ಪಕ್ಕದಲ್ಲಿ ಕೂತಿದ್ದ ಬೇರೆ ಕ್ಲಬ್ಬಿನವನೊಬ್ಬ ಕೆಮ್ಮಿದ. ಬರೀ ಕೆಮ್ಮೇ ಇದ್ದೀತು, ಇವನಿಗೆ ಅದು ನಗೆಯ ಹಾಗೆ ಕೇಳಿಸಿತು. ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯುತ್ತಿದ್ದಾಳಲ್ಲ, ಕಾರಿಡಾರಿನಲ್ಲಿ ಆಡಿದ ಹಾಗೆ ಚಿಕ್ಕಪ್ಪನ ಮುಖ ನೋಡುತ್ತಾಳಲ್ಲ ಎಂದು ಸಿಟ್ಟೇ ಬಂತು. ಆ ಕಾಲಮ್ಮಿನಲ್ಲಿ ಸೊನ್ನೆ ಹಾಕಿದ. ಕೆಳಗೆ, “ಇನ್ನೂ ತಯಾರಿಲ್ಲ. ಇನ್ನೊಂದು ವರ್ಷ ಬೇಕು” ಎಂದು ಬರೆದ. ಅವಳ ಪಾಲಿಗೆ ಇನ್ನೊಂದು ವರ್ಷ ಎಂಬುದೇ ಇಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದು, ಸೀಟಿಗೆ ಮೊದಲೇ ಲಕೋಟೆ ಅಂಟಿಸಿದ.

ಮನೆಯಲ್ಲಿ ಅವಳೇನೂ ಅಳಲಿಲ್ಲ. “ನೀವು ಹೇಳಿದ್ರೆ ಸರಿ ಚಿಕ್ಕಪ್ಪ,” ಎಂದು ಕೋಲನ್ನು ಬೀರುವಿನ ಮೇಲೆ ಇಟ್ಟಳು. ಹದಿನೈದು ದಿನದಲ್ಲಿ ಪಾರ್ಸೆಲ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅವಳ ಜಾಗಕ್ಕೆ ಬೇರೆ ಹುಡುಗಿ ಸಹಿ ಮಾಡಿದಳು.

ಎರಡು ತಿಂಗಳ ಮೇಲೆ ಕ್ಲಬ್ಬಿನ ಕ್ಯಾಮೆರಾದವನು ಹಳೇ ಪಂದ್ಯಗಳ ವಿಡಿಯೋ ಒಪ್ಪ ಮಾಡುತ್ತ ಕೂತಿದ್ದ. ತಕ್ಕಡಿ ಚಹಾ ಹಿಡಿದು ಸುಮ್ಮನೆ ಅವನ ಹಿಂದೆ ನಿಂತ. ಪರದೆಯ ಮೇಲೆ ಅದೇ ಪಂದ್ಯ.

“ಸಾರ್, ಈ ಹುಡುಗಿ ನೋಡಿ, ತಮಾಷೆಯಾಗಿದೆ,” ಎಂದ ಕ್ಯಾಮೆರಾದವನು. “ಆಟ ನಿಂತಾಗೆಲ್ಲ ಮೇಲೆ ನೋಡ್ತಾಳೆ. ಗೋಲಾದಾಗ ಎಲ್ಲರೂ ತಬ್ಕೊಂಡು ಕುಣೀತಿದ್ರೆ ಇವಳು ಆಗ್ಲೂ ಮೇಲೇ ನೋಡ್ತಾಳೆ. ಅಲ್ಲಿ ಏನಿತ್ತು ಅಂತ?”

ತಕ್ಕಡಿ ಲೋಟ ಕೆಳಗಿಟ್ಟು, ಮೊದಲಿನಿಂದ ಹಾಕಿಸಿಕೊಂಡು ಎಣಿಸಿದ. ಆಟ ನಿಂತದ್ದು ಇಪ್ಪತ್ತಮೂರು ಸಲ, ಅವಳು ನೋಡಿದ್ದು ಇಪ್ಪತ್ತಮೂರು ಸಲ. ಅವುಗಳಲ್ಲಿ ತಪ್ಪಿನ ನಂತರದವು ಮೂರೇ. ಆ ಮೂರನ್ನು ಮಾತ್ರ ಅವನು ಕಂಡಿದ್ದ, ಏಕೆಂದರೆ ತಪ್ಪಾದಾಗ ಮಾತ್ರ ಮುಖ ನೋಡುವುದು ಅವನ ಪದ್ಧತಿ. ಉಳಿದ ಇಪ್ಪತ್ತು ಸಲ ಅವನ ಕಣ್ಣು ಹಾಳೆಯ ಮೇಲಿತ್ತು.

ಮನೆಗೆ ಹೋದವನೇ, ಹುಡುಗಿ ಯಾಕೆ ಹಾಗೆ ಮೇಲೆ ನೋಡುತ್ತಿದ್ದಳೆಂದು ಹೆಂಡತಿಯನ್ನು ಕೇಳಿದ. ಅವಳು ಬಟ್ಟೆ ಮಡಚುತ್ತಿದ್ದಳು.

“ನಾನೇ ಹೇಳಿದ್ದೆ,” ಎಂದಳು. “ಆ ಬಿಸಿಲಲ್ಲಿ ಮೇಲೆ ಹತ್ತಿ ಕೂತ್ಕೋತೀರ ಅಂತ ಗೊತ್ತಿತ್ತು. ನನ್ನ ಮಾತು ನೀವು ಯಾವತ್ತು ಕೇಳಿದ್ದೀರ? ಅದಕ್ಕೇ ಅವಳಿಗೆ, ಚಿಕ್ಕಪ್ಪನ ಮೇಲೆ ಒಂದು ಕಣ್ಣಿಟ್ಟಿರು ಅಂದೆ. ಯಾಕೆ, ಏನಾಯ್ತು?”

ಅವನು ಹೋಗಿ ಮಂಚದ ಮೇಲೆ ಕೂತ. ಇಪ್ಪತ್ತೆಂಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರರ ಮಕ್ಕಳ ಮುಖ ಓದಿದವನಿಗೆ ಮನೆ ಮಗಳ ಮುಖ ಓದಲು ಬರಲಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಹಾಗೆ ಮೇಲೆ ನೋಡುತ್ತಲೇ ಅವಳು ಅಷ್ಟು ಚೆನ್ನಾಗಿ ಆಡಿದ್ದಳು. ತಯಾರಿರುವುದು ಎಂದರೆ ಇನ್ನೇನು?

ಮರುದಿನವೇ ತಿದ್ದುಪಡಿಯ ಪತ್ರ ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟ. ಎಂದೂ ಜಾಗ ಸಿಗದ ಹಿರಿಯರ ತಂಡದಲ್ಲಿ ಆ ವಾರವಷ್ಟೇ ಅಪರೂಪಕ್ಕೆ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿಗೆ ವಯಸ್ಸಿನ ಕಟ್ಟುಪಾಡಿಲ್ಲ, ಒಳ್ಳೆಯ ವರದಿಯೊಂದಿದ್ದರೆ ಸಾಕು.

ಮ್ಯಾನೇಜರು ಓದಿದ, ಮತ್ತೊಮ್ಮೆ ಓದಿದ, ಕನ್ನಡಕ ತೆಗೆದ. “ಇಪ್ಪತ್ತೆಂಟು ವರ್ಷ ಒಂದಕ್ಷರ ತಿದ್ದಿಲ್ಲ ನೀವು. ತಿದ್ದೋ ಮೊದಲ್ನೇದು ಅಣ್ಣನ ಮಗಳದ್ದೇ ಆಗ್ಬೇಕಾ?”

“ಮೊದಲು ಬರೆದಿದ್ದು ತಪ್ಪು. ವಿಡಿಯೋ ಇದೆ, ನೋಡಿ.”

“ವಿಡಿಯೋದಲ್ಲಿ ಅವಳು ಚಿಕ್ಕಪ್ಪನ ಕಡೆ ಇಪ್ಪತ್ತಮೂರು ಸಲ ನೋಡಿದ್ಲು ಅಂತ ತಾನೇ ಇರೋದು? ಅದನ್ನ ನಾನು ಯಾರಿಗೆ ತೋರಿಸ್ಲಿ?” ದನಿ ತಗ್ಗಿಸಿದ. “ಮನೇಲಿ ಒತ್ತಡ ಇರತ್ತೆ, ಅರ್ಥ ಆಗತ್ತೆ. ಈ ಕಾಗದ ನಾನು ನೋಡೇ ಇಲ್ಲ ಅಂದ್ಕೊಳ್ತೀನಿ. ನಿಮ್ಮ ಹೆಸರು ಉಳೀಲಿ.”

ಮಡಚಿದ ಪತ್ರ ಅವನ ಕೈಗೇ ವಾಪಸು ಬಂತು. ಅನ್ಯಾಯ ಬರೆದಾಗ ಭೇಷ್ ಎಂದವರು ಸತ್ಯ ಬರೆದಾಗ ಸ್ವಜನಪಕ್ಷಪಾತ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹುಡುಗರಿಗೆ ಹೇಳುತ್ತ ಬಂದವನು ಅವನೇ.

ಅಲ್ಲಿಂದ ಸೀದಾ ಪಾರ್ಸೆಲ್ ಕಂಪನಿಗೆ ಹೋದ. ತಗಡಿನ ಮಾಡಿನ ದೊಡ್ಡ ಶೆಡ್ಡು. ಅಣ್ಣನ ಮಗಳು ಬೂದು ಕೋಟು ತೊಟ್ಟು ಓಡುವ ಬೆಲ್ಟಿನ ಮೇಲೆ ಹರಿದು ಬರುತ್ತಿದ್ದ ಡಬ್ಬಿಗಳನ್ನು ಏಳೆಂಟು ಬುಟ್ಟಿಗಳಿಗೆ ಎಸೆಯುತ್ತಿದ್ದಳು, ಕೈಯಲ್ಲಿದ್ದದ್ದು ಹೋಗುವ ಮೊದಲೇ ಮುಂದಿನದರ ವಿಳಾಸ ಓದಿಕೊಂಡು. ಅವಳಿಗೆ ಊಟದ ಬಿಡುವು ಸಿಗುವವರೆಗೂ ಕಾದ. ಒಂದು ಪೆಟ್ಟಿಗೆಯ ಮೇಲೆ ಇಬ್ಬರೂ ಕೂತರು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಕಡೆಗೆ, “ನಿನ್ನ ಬಾಳು ಹಾಳು ಮಾಡ್ದೆ ಮಗಳೇ. ನಿಂಗೆ ಆ ಕಾಲಂ ವಿಷಯ ಗೊತ್ತಿರ್ಲಿಲ್ಲ,” ಎಂದ.

“ಗೊತ್ತಿತ್ತಲ್ಲ,” ಎಂದಳು ಅವಳು. “ಚಿಕ್ಕವಳಿದ್ದಾಗಿಂದ ಕೇಳಿದ್ದೀನಿ. ನೋಡಿದ್ರೆ ಸೊನ್ನೆ ಬೀಳತ್ತೆ ಅಂತ ಗೊತ್ತಿತ್ತು. ನೋಡ್ಬಾರ್ದು ಅಂತ ಹಲ್ಲು ಕಚ್ಕೊಂಡೆ, ಆಗ್ಲಿಲ್ಲ. ನೀವು ತುಂಬಾ ಬೆವರ್ತಾ ಇದ್ರಿ.”

ಅವನು ತಲೆ ಬಗ್ಗಿಸಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಬೇರೆ ಕ್ಲಬ್ಬಿನವರ ಹತ್ರ ಹೋಗೋಣ,” ಎಂದ. “ನಾನೇ ಜೊತೇಲಿ ಬರ್ತೀನಿ. ಕೈ ಮುಗಿದು ಕೇಳ್ತೀನಿ.”

“ಅಲ್ಲಿಗೆಲ್ಲ ನಾನು ಆಗ್ಲೇ ಹೋಗಿ ಬಂದೆ ಚಿಕ್ಕಪ್ಪ, ಮೂರು ಕಡೆ. ನಿಮ್ಮ ವರದಿ ಎಲ್ಲ ಕಡೆ ಮೊದಲೇ ತಲುಪಿತ್ತು.” ಅವಳು ಕೋಟಿನ ಮೇಲಿನ ಧೂಳು ಕೊಡವಿಕೊಂಡು ಎದ್ದಳು. “ಏನಂದ್ರು ಗೊತ್ತಾ? ಅವರು ಬೇಡ ಅಂದ್ಮೇಲೆ ನಾವು ನೋಡೋದೂ ಬೇಡ, ಅವರ ಮಾತು ಅಂದ್ರೆ ಮಾತು, ಅಂದ್ರು. ಮೂರು ಕಡೇನೂ ಅದನ್ನೇ ಹೇಳಿದ್ರು.”

ಅದನ್ನು ಅವಳು ಹೆಮ್ಮೆಯಿಂದಲೇ ಹೇಳಿದಳು.