ವಾರಗಿತ್ತಿ ಬಿಟ್ಟ ಮಾತ್ರೆ

ಆ ವಾರಗಿತ್ತಿಯರಿಬ್ಬರೂ ಒಂದೇ ಮನೆಯಲ್ಲಿದ್ದರು, ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಬಿಪಿಯೂ ಇಬ್ಬರಿಗೂ ಇತ್ತು. “ಈ ಅಣ್ಣತಮ್ಮಂದಿರನ್ನ ಕಟ್ಕೊಂಡ್ಮೇಲೆ ಇನ್ನೇನು ಬರುತ್ತೆ?” ಎಂದು ನಗುತ್ತಿದ್ದರು.

ಬುಧವಾರ ಕೆಲಸ ಮುಗಿಸಿ, ಪಕ್ಕದ ಶಾಲೆಯಲ್ಲಿ ನರ್ಸಮ್ಮ ನಡೆಸುವ ಬಿಪಿ ತರಗತಿಗೆ ಹೋಗುತ್ತಿದ್ದರು. ಉಪ್ಪು ಕಡಿಮೆ ಮಾಡುವುದು, ನಡೆಯುವುದು, ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡುವುದು ಎಲ್ಲವನ್ನೂ ಹೇಳಿಕೊಟ್ಟು, “ಇದು ಮಾತ್ರೆ ಜೊತೆಗೆ, ಮಾತ್ರೆ ಬದಲಿಗಲ್ಲ” ಎಂದು ಅವರು ಒತ್ತಿ ಹೇಳುತ್ತಿದ್ದರು.

ಮೂರನೇ ತಿಂಗಳು ದೊಡ್ಡವಳ ಬಿಪಿ ಹತೋಟಿಗೆ ಬಂತು. ನರ್ಸಮ್ಮ ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಅಲ್ಲಿಯವರೆಗೆ ಅವಳಿಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ದಾರಿಯಲ್ಲಿ ಚಿಕ್ಕವಳು ಕೇಳಿದಳು: “ಅಕ್ಕಾ, ನನಗೆ ಇಳೀದೇ ಇರೋ ಬಿಪಿ ನಿನಗೆ ಹೇಗೆ ಇಳೀತು?”

“ಮಾತ್ರೆ ಬಿಟ್ಟು ತಿಂಗಳಾಯ್ತು ಕಣೇ. ಬರೀ ಉಸಿರಾಟದಲ್ಲೇ ಇಳಿಸ್ಕೊಂಡೆ.”

ಚಪ್ಪಾಳೆಯ ಗುಂಗಿನಲ್ಲಿ ಬಾಯಿಗೆ ಬಂದ ಸುಳ್ಳು ಆಡಿಬಿಟ್ಟಿದ್ದಳು. ಅಂದಿನಿಂದ ಬಚ್ಚಲ ಬಾಗಿಲು ಹಾಕಿಕೊಂಡು ಮಾತ್ರೆ ನುಂಗತೊಡಗಿದಳು.

ಚಿಕ್ಕವಳಿಗೆ ಮಾತ್ರೆಯಿಂದ ಕಾಲು ಊದುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಅವಳು ಸೀರೆ ಎತ್ತಿ ಪಾದ ತೋರಿಸಿದಳು. “ನೋಡು, ಬಾವು ಇಳಿದಿದೆ! ನಾನೂ ಬಿಟ್ಟೆ. ನರ್ಸಮ್ಮನಿಗೆ ಹೇಳ್ಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕಾ.”

ನಿಜವನ್ನು ನಾಳೆ ಹೇಳಿದರಾಯಿತು ಎಂದು ದೊಡ್ಡವಳು ಅಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು.

ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಬಟ್ಟೆ ಸುಟ್ಟ ವಾಸನೆ ಬಂತು. ದೊಡ್ಡವಳು ತಿರುಗಿ ನೋಡಿದರೆ, ಚಿಕ್ಕವಳ ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ಇತ್ತು, ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಆಸ್ಪತ್ರೆಯಲ್ಲಿ ಜೀವವೇನೋ ಉಳಿಯಿತು. ಬಲಗೈ ಮತ್ತು ಮಾತು ಹೋದವು.

“ಮಾತ್ರೆ ಯಾಕೆ ನಿಲ್ಲಿಸಿದ್ರು?” ಎಂದು ಮಿಕ್ಕ ಮಾತ್ರೆಗಳನ್ನು ನೋಡಿ ಡಾಕ್ಟರು ಕೇಳಿದಾಗ ಮೈದುನ ದೊಡ್ಡವಳತ್ತ ತಿರುಗಿದ. “ಅತ್ತಿಗೆ, ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?”

“ಇಲ್ಲಪ್ಪ.”

ಚಿಕ್ಕವಳನ್ನು ಮನೆಗೆ ಕರೆತಂದ ಮೇಲೆ ದೊಡ್ಡವಳೇ ಕೆಲಸ ಬಿಟ್ಟು ಅವಳನ್ನು ನೋಡಿಕೊಂಡಳು. ತೊಳೆದಳು, ಮಗ್ಗುಲು ಬದಲಿಸಿದಳು, ಗಂಜಿ ಕುಡಿಸಿದಳು. ಎರಡು ತಿಂಗಳಾದ ಮೇಲೆ, ಯಾರೂ ಇಲ್ಲದಾಗ, ಗಂಜಿ ಕುಡಿಸುತ್ತಾ ಹೇಳಿಬಿಟ್ಟಳು: “ನಾನು ಮಾತ್ರೆ ಬಿಟ್ಟಿರಲೇ ಇಲ್ಲ ಕಣೇ. ಸುಳ್ಳು ಹೇಳಿದ್ದೆ.”

ಚಿಕ್ಕವಳು ಎಡಗೈಯಿಂದ ಚಮಚ ತಳ್ಳಿದಳು.

ಅಂದಿನಿಂದ ದೊಡ್ಡವಳ ಕೈಯಿಂದ ಒಂದು ಗುಟುಕೂ ಇಳಿಯಲಿಲ್ಲ. ಅವಳು ಹತ್ತಿರ ಬಂದರೆ ಚಿಕ್ಕವಳು ಹಲ್ಲು ಕಚ್ಚಿ ಗೋಡೆಯತ್ತ ಮುಖ ತಿರುಗಿಸುತ್ತಿದ್ದಳು. ಕೊನೆಗೆ ಮೈದುನನೇ ಬಟ್ಟಲು ಇಸಿದುಕೊಂಡ.

“ಬೇಜಾರು ಮಾಡ್ಕೋಬೇಡಿ ಅತ್ತಿಗೆ,” ಎಂದ. “ಅವಳ ಬುದ್ಧಿ ಈಗ ನೆಟ್ಟಗಿಲ್ಲ. ನೀವಂದ್ರೆ ಜೀವ ಬಿಡ್ತಿದ್ಲು.”

ದೊಡ್ಡವಳು ಹೌದೆಂಬಂತೆ ತಲೆಯಾಡಿಸಿದಳು.