ಸೋತ ಮರುದಿನದ ಪ್ರಚಾರ

ಚುನಾವಣೆಗೆ ನಿಂತವರು ಮತದಾನಕ್ಕೆ ಮೊದಲು ಮನೆಮನೆ ತಿರುಗುವುದು ಲೋಕರೂಢಿ; ನಮ್ಮ ತೆರೆಕ್-ಬುಲಾಕ್ ಊರಿನ ಶಾರ್ಶೆನ್ ಮಾತ್ರ ಸೋತ ಮರುದಿನ ತಿರುಗುತ್ತಿದ್ದ. ಮನೆಗಳಲ್ಲಿ ಹಾಲು ಕರೆದು ಮುಗಿಯುವ ಹೊತ್ತಿಗೆ, ಬೇಸಿಗೆಯಲ್ಲೂ ಮೈಬಿಡದ ಆ ಬೂದುಬಣ್ಣದ ನಿಲುವಂಗಿ ಕೋಟಿಗೆ ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಬಲಭುಜವನ್ನು ಇಳಿಬಿಟ್ಟು, ಊರಿನ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಂದು ಬಾಗಿಲನ್ನೂ ಬಿಡದೆ ಬರುತ್ತಿದ್ದ. ಯೌವನವೆಲ್ಲ ಸಂಚಾರಿ ಸಿನಿಮಾ ಲಾರಿಯಲ್ಲಿ ಕಳೆದು, ರೀಲುಗಳ ತಗಡಿನ ಪೆಟ್ಟಿಗೆಗಳನ್ನು ಬೆಟ್ಟದ ಹುಲ್ಲುಗಾವಲುಗಳಿಗೆ ಹೊತ್ತು ಹೊತ್ತು ಆ ಭುಜ ಹಾಗೆ ವಾಲಿತ್ತು. ಪೆಟ್ಟಿಗೆಗಳು ಹೋದರೂ ವಾಲಿಕೆ ಉಳಿಯಿತು. ಅವನು ಬರುವುದನ್ನು ಕಿಟಕಿಯಿಂದ ಕಂಡವರು ಮೆಲ್ಲನೆ ಪರದೆ ಎಳೆದುಕೊಳ್ಳುತ್ತಿದ್ದರು. ಯಾಕೆಂದರೆ ಅವನಿಗೆ ಮತ ಹಾಕಿದವರು ಊರಲ್ಲಿ ಬೆರಳೆಣಿಕೆಯಷ್ಟು ಮಂದಿ.

ಹೊಸ್ತಿಲಿಗೆ ಬಂದವರು ರೊಟ್ಟಿಯ ಚೂರೊಂದನ್ನು ಬಾಯಿಗೆ ಹಾಕದೆ ಹಿಂತಿರುಗುವಂತಿಲ್ಲ, ರೊಟ್ಟಿ ಕೈಯಲ್ಲಿ ಹಿಡಿದವರು ಸುಳ್ಳಾಡುವಂತಿಲ್ಲ. ಇವೆರಡು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕಟ್ಟಳೆಗಳು. ಶಾರ್ಶೆನ್ ಎದುರು ಬಂದು ನಿಂತಾಗ ಎರಡೂ ಒಟ್ಟಿಗೇ ಕತ್ತಿಗೆ ಬರುತ್ತಿದ್ದವು. ಎದುರು ಮನೆಯ ಉಮ್ಸುನ್ ಅಜ್ಜಿ ರೊಟ್ಟಿಯ ತಟ್ಟೆ ಹಿಡಿದುಕೊಂಡು ತಡವರಿಸುತ್ತಾ ಬಂದರೆ, ಅವಳು ಬಾಯಿ ತೆರೆಯುವ ಮೊದಲೇ ಇವನು ತಟ್ಟೆಯನ್ನು ಅವಳ ಕೈಯಿಂದ ಇಸಿದುಕೊಂಡು ತನ್ನ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ಆಮೇಲೆ ಅಜ್ಜಿ ನಿರಾಳವಾಗಿ ಸುಳ್ಳಾಡಬಹುದಿತ್ತು.

"ನಮ್ಮನೆ ಮತ ಅಷ್ಟೂ ನಿನಗೇ ಬಿದ್ದಿದ್ದು ಕಣಪ್ಪ. ಎಣಿಸೋರು ಏನು ಮಾಡಿದ್ರೋ."

"ದೊಡ್ಡ ಮನಸ್ಸು ಅಜ್ಜಿ ನಿಮ್ದು. ಕರುವಿನ ಕಾಲು ಈಗ ಹೇಗಿದೆ?"

ಹೀಗೆ ಮನೆಮನೆಯ ಸುಳ್ಳನ್ನು ಕೃತಜ್ಞತೆಯಿಂದ ಸ್ವೀಕರಿಸುತ್ತಾ, ಕರುವಿನ ಕಾಲು, ಮಗುವಿನ ಕೆಮ್ಮು, ಸೋರುವ ಸೂರು ಎಲ್ಲವನ್ನೂ ವಿಚಾರಿಸುತ್ತಾ ಅವನು ನಡೆದುಹೋಗುತ್ತಿದ್ದ. ಮೊದಲೇ ಬರಬಾರದೇ ಮಾರಾಯ ಎಂದು ಯಾರೋ ರೇಗಿಸಿದ್ದಕ್ಕೆ, "ಮೊದಲು ಬಂದ್ರೆ ಮತಕ್ಕೆ ಬಂದ ಅಂತೀರಿ. ಈಗ ನಿಮ್ಮನ್ನ ನೋಡೋಕೆ ಬಂದೆ, ಅಷ್ಟೆ," ಎಂದಿದ್ದ.

ಊರಿನ ಆಡಳಿತ ಸಭೆಯಾದ ಕೆನೇಶಿನಲ್ಲಿ ನಮ್ಮ ಬೀದಿಗಳ ಪಾಲಿಗಿರುವುದು ಒಂದೇ ಸದಸ್ಯಸ್ಥಾನ. ಅದಕ್ಕಾಗಿ ಅವನು ಪ್ರತಿ ಸಲವೂ ನಿಂತ, ಪ್ರತಿ ಸಲವೂ ಸೋತ. ಹುಚ್ಚು ಎಂದರು, ಪದವಿಯ ಚಪಲ ಎಂದರು. ಎರಡೂ ಅಲ್ಲ. ಹಳೆಯ ಸರ್ಕಾರದ ಕಾಲದಲ್ಲಿ ಸಿನಿಮಾ ಲಾರಿಯಲ್ಲೇ ಮತಪೆಟ್ಟಿಗೆಯನ್ನೂ ಕುರುಬರ ಬಿಡಾರಗಳಿಗೆ ಒಯ್ಯುತ್ತಿದ್ದವನು ಅವನು. ಮತಪತ್ರದಲ್ಲಿ ಇರುತ್ತಿದ್ದುದು ಒಂದೇ ಹೆಸರು. ಕುರುಬರು ಅದನ್ನು ಮಡಚಿ ಪೆಟ್ಟಿಗೆಗೆ ಹಾಕಿ, ಓದುವ ಗೋಜಿಗೂ ಹೋಗದೆ, ಸಿನಿಮಾ ಯಾವಾಗ ಶುರು ಎಂದು ಕೇಳುತ್ತಿದ್ದರು. ಆ ಸರ್ಕಾರ ಹೋಗಿ, ಯಾರು ಬೇಕಾದರೂ ನಿಲ್ಲಬಹುದೆಂಬ ಕಾಲ ಬಂದಾಗ, ನಮ್ಮ ಬಿಳಿಗಡ್ಡದ ಹಿರಿಯರು ಒಂದು ಕುರಿ ಕಡಿಸಿ, ಎಲ್ಲರೂ ಕೂತು ತಿಂದು, ಒಂದೇ ಹೆಸರಿಗೆ ಒಪ್ಪಿಕೊಳ್ಳುವ ಪದ್ಧತಿ ಮಾಡಿಕೊಂಡರು. ಜಗಳವಿಲ್ಲ, ತಂಟೆಯಿಲ್ಲ. "ಒಂದೇ ಹೆಸರಿದ್ರೆ ಅದು ಚುನಾವಣೆ ಅಲ್ರಪ್ಪ, ಹಾಜರಿ," ಎಂದು ಶಾರ್ಶೆನ್ ಅಂದೇ ಹೋಗಿ ತನ್ನ ಹೆಸರು ಕೊಟ್ಟು ಬಂದ.

ಹಿಂದೆ ಸರಿಯುವವನಿಗೆ ಆ ಊಟದಲ್ಲಿ ಕುರಿಯ ತಲೆ ಕೊಟ್ಟು ಗೌರವಿಸುವುದು ಹಿರಿಯರ ಕ್ರಮ. ತಟ್ಟೆಯಲ್ಲಿ ಮೂತಿಯನ್ನು ಅವನತ್ತ ತಿರುಗಿಸಿ ಇಡುತ್ತಾರೆ. ಚಾಕು ಹಾಕಿ ಒಂದು ಚೂರು ಕುಯ್ದರೆ ಹೆಸರು ಹಿಂದಕ್ಕೆ ಬಂದಂತೆ. ಇಂಥ ಮರ್ಯಾದೆಯನ್ನು ಬೇಡವೆನ್ನುವುದು ಸಾಮಾನ್ಯ ಗಂಡೆದೆಯ ಕೆಲಸವಲ್ಲ. ಶಾರ್ಶೆನ್ ಪ್ರತಿ ಸಲವೂ ತಟ್ಟೆಯನ್ನು ಎರಡೂ ಕೈಯಿಂದ ಮೆಲ್ಲನೆ ಸುತ್ತಿಸಿ, ಮೂತಿಯನ್ನು ಎದುರಾಳಿಯ ಕಡೆಗೆ ಮಾಡಿ, "ಇದು ನಿಮಗೆ ಒಪ್ಪುತ್ತೆ," ಎನ್ನುತ್ತಿದ್ದ.

ಮತ ಹಾಕುವಾಗಲೂ ಅವನದು ಅದೇ ಚಾಳಿ: ತನಗೆ ತಾನು ಹಾಕಿಕೊಳ್ಳುತ್ತಿರಲಿಲ್ಲ. ತನ್ನ ತಟ್ಟೆಗೆ ತಾನೇ ಮಾಂಸ ಬಡಿಸಿಕೊಳ್ಳುವುದು ಗಂಡಸಿನ ಲಕ್ಷಣವೇ ಎಂದು ಕೇಳುತ್ತಿದ್ದ. ಹೆಂಡತಿ ಬಾತ್ಮಾಳಿಗೆ ಈ ನಿಸ್ಪೃಹತೆಯಲ್ಲಿ ನಂಬಿಕೆ ಇರಲಿಲ್ಲ. "ಗೆಲ್ಲೋ ಆಸೆ ಇಲ್ಲ ಅಂತೀರಲ್ಲ, ಎಣಿಕೆ ದಿನ ಮಾತ್ರ ಊಟ ಯಾಕ್ರೀ ಸೇರಲ್ಲ ನಿಮಗೆ?" ಎನ್ನುವಳು. ಆಸೆ ಇತ್ತು, ಇರದೆ ಏನು? ಮನುಷ್ಯ ತಾನೇ.

ಕಳೆದ ಬಾರಿ ಹಿರಿಯರು ಒಪ್ಪಿದ ಹೆಸರು ಮಂಬೆತಾಲಿಯದು. ಮಂಬೆತಾಲಿ ಅವನ ಬೀಗ. ಶಾರ್ಶೆನ್ನನ ಒಬ್ಬಳೇ ಮಗಳು ಅನಾರ್ಕುಲ್ ವಸಂತದಲ್ಲಷ್ಟೇ ಆ ಮನೆಯ ಸೊಸೆಯಾಗಿದ್ದಳು; ಗಂಡ ರಷ್ಯಾದಲ್ಲಿ ದುಡಿಯಲು ಹೋಗಿದ್ದ, ಅವಳು ಅತ್ತೆಮಾವಂದಿರ ಜೊತೆ ಇದ್ದಳು. ಬೀಗರು ಉಡುಗೊರೆಗಳೊಂದಿಗೆ ತಾವಾಗಿ ಕರೆತಂದು ಶಾಸ್ತ್ರ ಮುಗಿಸುವವರೆಗೆ ಹೊಸ ಸೊಸೆ ತವರಿನ ಹೊಸ್ತಿಲು ತುಳಿಯುವಂತಿಲ್ಲ. ಆ ಶಾಸ್ತ್ರ ಆಲೂಗಡ್ಡೆ ಕಿತ್ತ ಮೇಲೆಂದು ಗೊತ್ತಾಗಿತ್ತು. ಬಾತ್ಮಾ ಮಗಳು ಬಂದು ಮಲಗಲೆಂದು ಹೊಸ ಕೌದಿಗಳನ್ನು ಹೊಲಿದು, ಅಟ್ಟಿ ಕಟ್ಟಿ, ದಿನಕ್ಕೊಮ್ಮೆ ಕೈಯಾಡಿಸಿ ನೋಡುತ್ತಿದ್ದಳು.

ಮಂಬೆತಾಲಿಯ ಮನೆಯಲ್ಲಿ ಏರ್ಪಾಡಾಗಿದ್ದ ಹಿರಿಯರ ಕುರಿಯೂಟಕ್ಕೆ ಹೊರಟಾಗ ಅವಳು ಗಂಡನ ಕೋಟಿನ ತೋಳು ಹಿಡಿದುಕೊಂಡಳು. "ಈ ಸಲ ತಲೆ ತಗೊಂಡ್ಬಿಡಿ. ನಿಮ್ಮ ದಮ್ಮಯ್ಯ. ಮಗಳು ಅವರ ಕೈಲಿದ್ದಾಳೆ."

"ಆಯ್ತು," ಎಂದ ಶಾರ್ಶೆನ್. ಹಾಗೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋದ.

ಊಟಕ್ಕೆ ಮೊದಲು ಅತಿಥಿಗಳ ಕೈಗೆ ನೀರು ಹಾಕುವುದು ಸೊಸೆಯ ಕೆಲಸ. ಅನಾರ್ಕುಲ್ ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡು, ಹೂಜಿ, ಬೋಗುಣಿ ಹಿಡಿದು, ಸಾಲಾಗಿ ನೀರು ಹಾಕುತ್ತಾ ಬಾಗಿಲ ಬಳಿಯಿದ್ದ ತಂದೆಯ ಮುಂದೆ ಮಂಡಿಯೂರಿದಳು. ಎಷ್ಟೋ ತಿಂಗಳಿನ ಮೇಲೆ ಅವನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು. ಹಿರಿಯರು ತಮ್ಮ ಮಾತಿನಲ್ಲಿದ್ದರು.

"ಅಪ್ಪಾ, ತಲೆ ಮುಟ್ಟಬೇಡಿ," ಎಂದಳು ಮೆಲ್ಲಗೆ.

"ಯಾಕಮ್ಮ?"

"ಅತ್ತೆ ಬಂದವರ ಹತ್ರ ಹೇಳ್ತಿದ್ರು, ಎಂಥ ಕುದುರೆಗೂ ಒಂದು ಹಗ್ಗ ಇರುತ್ತೆ, ಶಾರ್ಶೆನ್ ಹಗ್ಗ ನಮ್ಮ ಒಲೆ ಮುಂದೆ ಕೂತಿದೆ ಅಂತ. ನನ್ನನ್ನ ಹಗ್ಗ ಮಾಡಬೇಡಿ ಅಪ್ಪಾ."

"ಮುಟ್ಟದಿದ್ರೆ ನಿನ್ನನ್ನ ತವರಿಗೆ ಕಳಿಸಲ್ಲ ಅವರು."

"ಗೊತ್ತು. ಕೈ ಒರೆಸ್ಕೊಳ್ಳಿ."

ಅವನು ಕೈ ಒರೆಸಿಕೊಂಡ. ತಲೆ ಬಂತು, ಮೂತಿ ಅವನತ್ತ ತಿರುಗಿತು. ಹಿರಿಯರೆಲ್ಲ ಅವನ ಕೈಯಲ್ಲಿದ್ದ ಚಾಕುವನ್ನೇ ನೋಡುತ್ತಿದ್ದರು. ಅವನು ಚಾಕುವನ್ನು ಪಕ್ಕಕ್ಕಿಟ್ಟು ತಟ್ಟೆಯನ್ನು ಸುತ್ತಿಸಿದ.

ಮಂಬೆತಾಲಿಯ ಮುಖ ಕಪ್ಪಿಟ್ಟಿತು. "ಬೀಗರೇ, ನನ್ನ ಬಿಡಿ. ಮಗಳ ಮುಖ ನೋಡಿಯಾದ್ರೂ..."

"ನೋಡೇ ತಿರುಗಿಸಿದ್ದು ಬೀಗರೇ."

ಅದರ ಅರ್ಥ ಅಲ್ಲಿ ಒಬ್ಬಳಿಗೆ ಮಾತ್ರ ಆಯಿತು. ಹಿರಿಯರು ಅಂಗೈ ಎತ್ತಿ ಹರಸದೆಯೇ ಎದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಬಾಗಿಲಲ್ಲಿ ಬೀಗಿತ್ತಿ ಮಾತ್ರ, ಈ ವರ್ಷ ಆಲೂಗಡ್ಡೆ ಬಹಳ ಇದೆ, ಸೊಸೆಗೆ ಪುರಸೊತ್ತಾಗುವುದಿಲ್ಲ ಎಂದು ಕೇಳುವಂತೆ ಹೇಳಿದಳು.

ಎದುರಾಳಿ ಇದ್ದಮೇಲೆ ಮತದಾನಕ್ಕೆ ಮೊದಲು ಊರವರ ಎದುರು ಸಭೆ ನಡೆಯಲೇಬೇಕು. ಊರ ಕ್ಲಬ್ಬಿನ ಸಭಾಂಗಣದಲ್ಲಿ ಶಾರ್ಶೆನ್ ಎದ್ದು ನಿಂತು ಮೇಲಿನ ಬೀದಿಗೆ ಕುಡಿಯುವ ನೀರು ಯಾವಾಗ ಎಂದು ಕೇಳಿದ. ಮಂಬೆತಾಲಿ ಊರವರೆಲ್ಲರ ಎದುರು ಬೆವರೊರೆಸಿಕೊಳ್ಳುತ್ತಾ ಮುಂದಿನ ಬೇಸಿಗೆಯೊಳಗೆ ಎಂದು ಮಾತು ಕೊಟ್ಟ. ಆಮೇಲೆ ಮಂಬೆತಾಲಿಯೇ ಗೆದ್ದ. ಮರುದಿನ ಶಾರ್ಶೆನ್ ಎಂದಿನಂತೆ ಮನೆಮನೆಗೆ ಹೋದ. ಬೀಗರ ಗೇಟು ತೆರೆಯಲಿಲ್ಲ. ಒಳಗಿನಿಂದ ಮಗಳು ಕೆಮ್ಮಿದ್ದು ಕೇಳಿಸಿತು. ಸ್ವಲ್ಪ ಹೊತ್ತು ನಿಂತು ಮುಂದಿನ ಮನೆಗೆ ಹೋದ.

ಆ ಚಳಿಗಾಲವಿಡೀ ಬಾತ್ಮಾ ಗಂಡನೊಂದಿಗೆ ಮಾತಾಡಲಿಲ್ಲ. ಚಹಾ ಸುರಿದು ಬಟ್ಟಲನ್ನು ಅವನ ಮುಂದೆ ತಳ್ಳುತ್ತಿದ್ದಳು, ಅಷ್ಟೆ. ಮಗಳು ಹೇಳಿದ್ದನ್ನು ಅವನು ಅವಳಿಗೂ ಹೇಳಿರಲಿಲ್ಲ. ಹೆಂಗಸರ ನಡುವೆ ಮಾತು ಹರಿದು ಬೀಗಿತ್ತಿಯ ಕಿವಿ ಮುಟ್ಟಿದರೆ ಮಗಳ ಗತಿ ಏನೆಂದು ಹೆದರಿ, ಎಲ್ಲ ದೂರನ್ನೂ ತನ್ನ ತಲೆಗೇ ಕಟ್ಟಿಕೊಂಡು ಕೂತ. ಜಂಬದ ಮನುಷ್ಯ, ಹೆತ್ತ ಮಗಳಿಗಿಂತ ಮತಪತ್ರ ಹೆಚ್ಚಾಯಿತು ಎಂದು ಊರೆಲ್ಲ ಆಡಿಕೊಂಡಿತು. ನಾವೂ ಆಡಿಕೊಂಡೆವು.

ಮರುವರ್ಷ ಆಲೂಗಡ್ಡೆ ಕಿತ್ತ ಮೇಲೆ ಮಂಬೆತಾಲಿ ಒಬ್ಬನೇ ಸೊಸೆಯನ್ನು ಕರೆದುಕೊಂಡು ಬಂದ. ಹೆಂಡತಿ ಬರಲಿಲ್ಲ. ಮೇಲಿನ ಬೀದಿಗೆ ನೀರು ಬಂದಾಗಿತ್ತು. ಜಗಲಿಯ ಮೇಲೆ ಕೂತು, ಟೊಪ್ಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಅವನು ಹೇಳಿದ: "ಕೆನೇಶಲ್ಲಿ ಉಳಿದೋರೆಲ್ಲ ಕುರಿ ತಿಂದು ಬಂದು ಕೂತೋರು ಬೀಗರೇ. ಗೆದ್ದು ಬಂದೋನು ನಾನೊಬ್ಬನೇ ಅಂತಾರೆ. ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ, ಅದು ಬೇರೆ."

ಒಳಗೆ ಬಾತ್ಮಾ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾಕೆ ಇಷ್ಟು ಇಳಿದುಹೋಗಿದ್ದೀಯೆಂದು ಅಳುತ್ತಿದ್ದಳು. "ಏನಿಲ್ಲಮ್ಮ. ಆ ಮನೇಲಿ ನನ್ನ ಪಾಲಿಗೆ ಬರೋ ಹೊತ್ತಿಗೆ ಚಹಾ ತಣ್ಣಗಾಗಿರುತ್ತೆ, ಅಷ್ಟೆ. ಅಪ್ಪನ್ನ ಬೈಬೇಡ. ತಲೆ ಬೇಡ ಅಂದಿದ್ದು ನಾನು," ಎಂದಳು ಅನಾರ್ಕುಲ್. ಬಾತ್ಮಾ ಮೇಲೆದ್ದು ಹೋಗಿ, ಕುದಿಯುತ್ತಿದ್ದ ಚಹಾವನ್ನು ಮೊದಲು ಮಗಳಿಗೆ, ಆಮೇಲೆ ಬೀಗರಿಗೆ, ಆಮೇಲೆ ಗಂಡನಿಗೆ ಸುರಿದಳು. ಈ ಕಥೆ ಊರಿಗೆ ತಿಳಿದದ್ದು ಅವಳಿಂದಲೇ, ಅದೂ ಮಗಳು ಗಂಡನ ಜೊತೆ ಬೇರೆ ಮನೆ ಮಾಡಿದ ಮೇಲೆ.

ಶಾರ್ಶೆನ್ನನಂಥವರು ಪ್ರಾಯಶಃ ಎಲ್ಲ ಊರುಗಳಲ್ಲಿಯೂ ಒಬ್ಬೊಬ್ಬರು ಇರುತ್ತಾರೆ. ಅವರಿಗೆ ಅಧಿಕಾರ ನಡೆಸುವ ಯೋಗ್ಯತೆ ಇತ್ತೇ ಎಂಬುದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಆದರೆ ಗೆದ್ದವನು ಗೆದ್ದೆನೆಂದು ಎದೆ ತಟ್ಟಿ ಹೇಳಬೇಕಾದರೆ, ಕೊಟ್ಟ ಮಾತಿಗೆ ಅಂಜಿ ನಡೆಯಬೇಕಾದರೆ, ಸೋಲಲು ಇಂಥವನೊಬ್ಬ ಅವಶ್ಯ ಬೇಕು. ಅವರ ಹಠವನ್ನು ನಾವು ಕಡೆಗಾಲದಲ್ಲಾದರೂ ಹೊಗಳುತ್ತೇವೆ. ಆ ಹಠಕ್ಕೆ ತೆರಬೇಕಾದುದನ್ನು ಮಾತ್ರ ತಣ್ಣಗಿನ ಚಹಾ ಕುಡಿದು ತೆತ್ತವರು ಬೇರೆ ಇರುತ್ತಾರೆ, ಮತ್ತು ಅವರ ಹೆಸರು ಯಾವ ಮತಪತ್ರದಲ್ಲಿಯೂ ಇರುವುದಿಲ್ಲ.