ಮೂರನೇ ಕೋಟು

ಅಧಿಕಾರಿ ಹೆಂಗಸು ಗೋಡೆಗೆ ಬೆರಳು ತಾಗಿಸಿ ತೆಗೆದಾಗ ತುದಿಗೆ ಕೆನೆಬಣ್ಣ ಮೆತ್ತಿಕೊಂಡಿತ್ತು. ಅವಳು ಒಮ್ಮೆ ಬೆರಳನ್ನು ನೋಡಿದಳು, ಒಮ್ಮೆ ಗೋಡೆಯನ್ನು ನೋಡಿದಳು. ಆಮೇಲೆ ಕಂಕುಳಲ್ಲಿದ್ದ ಕಡತ ಬಿಚ್ಚಿ ಯಾವುದೋ ಹಾಳೆ ಹುಡುಕತೊಡಗಿದಳು.

"ಒಳಗಡೆ ಇನ್ನೊಂದು ರೂಮಿದೆಯಾ?"

"ಇಲ್ಲ ಮೇಡಂ. ಹಿಂದೆ ಅಡುಗೆಮನೆ, ಮೇಲೆ ನಮ್ಮನೆ. ಬಾರು ಅಂದ್ರೆ ಇದಿಷ್ಟೇ," ಅಂದಳು ಬಾರು ನೋಡಿಕೊಳ್ಳುವ ಸೊಸೆ. "ಬೆಳಿಗ್ಗೆ ಮೂರನೇ ಕೋಟು ಹೊಡೆಸಿದ್ವಿ, ಅದಕ್ಕೇ ಸ್ವಲ್ಪ ಹಸಿ. ನೀವು ನಾಲ್ಕರ ಮೇಲೆ ಬರ್ತೀರಿ ಅಂದ್ಕೊಂಡಿದ್ವಿ."

ಆಗಿನ್ನೂ ಮಧ್ಯಾಹ್ನ ಮೂರು ಗಂಟೆ. ಐದಕ್ಕೆ ಟಿವಿಯಲ್ಲಿ ಫುಟ್‌ಬಾಲ್ ಫೈನಲ್ ಪಂದ್ಯವಿತ್ತು. ಕುರ್ಚಿಗಳನ್ನೆಲ್ಲ ಟಿವಿಯ ಕಡೆ ತಿರುಗಿಸಿ ಸಾಲಾಗಿ ಇಟ್ಟಾಗಿತ್ತು. ಮಡಚಿದ ಏಣಿಯ ಪಕ್ಕದಲ್ಲಿ ಪೇಂಟರ್, ಯಾರಾದರೂ ಎರಡು ಒಳ್ಳೆ ಮಾತು ಆಡಲೆಂದು ಕಾಯುವವನ ಹಾಗೆ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದ. ಕಿಟಕಿಯ ಬಳಿ ರೆಫ್ರಿ ಕೂತಿದ್ದ. ಅವನು ಜನ್ಮದಲ್ಲಿ ಸೀಟಿ ಊದಿದವನಲ್ಲ; ಎಲ್ಲರ ತಪ್ಪನ್ನೂ ಎಣಿಸುತ್ತಾನೆಂದು ಬೀದಿಯವರು ಇಟ್ಟ ಹೆಸರು ಅದು. ಮೂಲೆಯ ಕೈಕುರ್ಚಿಯಲ್ಲಿ ಸೊಸೆಯ ಮಾವ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಎಡಗೈ ಒಂದು ನೆಟ್ಟಗೆ ಉಳಿದಿತ್ತು.

ಆ ಬೀದಿ ಹುಟ್ಟಿದ್ದೇ ಗಾಜಿನ ಕಾರ್ಖಾನೆಯಿಂದ. ಅಲ್ಲಿ ಬಾಟಲಿ ಮಾಡುತ್ತಿದ್ದರು. ದಿನಕ್ಕೆ ಮೂರು ಪಾಳಿ. ಕುಲುಮೆ ಆರಿದರೆ ಮತ್ತೆ ಕಾಯಿಸಲು ವಾರ ಬೇಕೆಂದು ಅದನ್ನು ಆರಲು ಬಿಡುತ್ತಿರಲಿಲ್ಲ. ಕಾರ್ಖಾನೆಯ ಹಿಂದೆ ಮೈದಾನ, ಮೈದಾನದ ಅಂಚಿಗೆ ಆಟಗಾರರು ಬಟ್ಟೆ ಬದಲಿಸುವ ಕೊಠಡಿ. ಆ ಕೊಠಡಿಯೇ ಈ ಬಾರು. ಮಾವ ಕುಲುಮೆಯ ಕೆಲಸಗಾರ, ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಅದಕ್ಕೇ ಬೀದಿಗೆಲ್ಲ ಅವರು ಗೋಲಿ. ಪ್ರತಿ ಪಂದ್ಯ ಮುಗಿದ ಮೇಲೆ, ಪೆಟ್ಟಿಗೆಗಳ ಮೇಲೆ ಗುರುತು ಬರೆಯುವ ಕೆಂಪು ಬಣ್ಣದಲ್ಲಿ ಅವರು ಗೋಡೆಯ ಮೇಲೆ ಒಂದು ಸಾಲು ಬರೆಯುತ್ತಿದ್ದರು: ದಿನಾಂಕ, ಎದುರಾಳಿ, ಎಷ್ಟಕ್ಕೆ ಎಷ್ಟು, ಗೋಲು ಹೊಡೆದವರು ಯಾರು. ಸೋತರೂ ಬರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಹಾಗೆ ಬರೆದರು. ಕುಲುಮೆ ಒಡೆದ ವರ್ಷ ಆಟ ನಡೆಯಲಿಲ್ಲ. ಆ ವರ್ಷದ ಜಾಗದಲ್ಲಿ ಸತ್ತ ಏಳು ಜನರ ಹೆಸರು ಬರೆದು, ಕೆಳಗೊಂದು ಗೆರೆ ಎಳೆದಿದ್ದರು.

ಕಾರ್ಖಾನೆ ಮುಚ್ಚಿತು. ಆಫೀಸಿನ ಕಾಗದಪತ್ರವೆಲ್ಲ ಗುಜರಿಗೆ ಹೋಯಿತು. ಮೈದಾನ ಮೊದಲು ಗೋದಾಮಾಯಿತು, ಆಮೇಲೆ ಲಾರಿ ನಿಲ್ಲಿಸುವ ಜಾಗವಾಯಿತು. ತನಗೆ ಬರಬೇಕಾದ ಪರಿಹಾರದ ಬದಲು ಗೋಲಿ ಈ ಕೊಠಡಿ ಬರೆಸಿಕೊಂಡು ಬೆಂಚು ಹಾಕಿದರು. ಬಾಟಲಿ ಮಾಡುತ್ತಿದ್ದವರು ಬಂದು ಬಾಟಲಿ ಖಾಲಿ ಮಾಡತೊಡಗಿದರು. ಮೊದಲು ರೇಡಿಯೋ, ಆಮೇಲೆ ಸಣ್ಣ ಟಿವಿ, ಆಮೇಲೆ ಗೋಡೆಯಷ್ಟಗಲದ ಟಿವಿ. ಟಿವಿ ಬಂದ ಮೇಲೆ ಜನ ಬರಹದ ಗೋಡೆಗೆ ಬೆನ್ನು ಹಾಕಿ ಕೂತರು. ಒಲೆಯ ಹೊಗೆ ಹಿಡಿದು ಅಕ್ಷರಗಳು ಮಂಕಾದವು. ಗೋಲಿಯ ಕುರ್ಚಿ ಒಂದೇ ಟಿವಿಯೂ ಗೋಡೆಯೂ ಕಾಣುವ ಹಾಗೆ ಓರೆಯಾಗಿ ಉಳಿಯಿತು. ಗೋಲಾದಾಗ ಅವರು ಕೂಗುತ್ತಿರಲಿಲ್ಲ. ಕುರ್ಚಿಯ ಕೈಯನ್ನು ಎಡಗೈಯಿಂದ ಬಡಿಯುತ್ತಿದ್ದರು. ಆ ಬಡಿತ ಬಿದ್ದರೇ ಗೋಲು ಲೆಕ್ಕಕ್ಕೆ, ಟಿವಿಯವರು ಏನಾದರೂ ಹೇಳಿಕೊಳ್ಳಲಿ, ಎಂದು ಆ ಬಾರಿನ ರೂಢಿ. ಮಾತು ಹೋದ ಮೇಲೂ ಆ ಬಡಿತ ಹೋಗಿರಲಿಲ್ಲ.

ಹೋದ ವರ್ಷ ನಗರಸಭೆಯ ನೋಟೀಸು ಬಂತು. ಬೀದಿ ಪೂರ್ತಿ ಕೆಡವಿ ದೊಡ್ಡ ರಸ್ತೆ ಮಾಡುತ್ತಾರಂತೆ; ಹಳೆಯ ಕಟ್ಟಡಗಳ ಪಟ್ಟಿಗೆ ಸೇರಿದ್ದನ್ನು ಮಾತ್ರ ಮುಟ್ಟುವುದಿಲ್ಲವಂತೆ. ಗೋಲಿ ಕಾರ್ಖಾನೆಯ ಹಳೇ ಗುಮಾಸ್ತನನ್ನು ಕೂರಿಸಿಕೊಂಡು ಅರ್ಜಿ ಬರೆಸಿ ಹಾಕಿದರು. ಸೊಸೆಗೆ ಹೇಳಿದ್ದು ಇಷ್ಟೇ: "ಅರ್ಜಿ ಹಾಕಿದೀನಮ್ಮ, ನೋಡಕ್ಕೆ ಯಾರಾದ್ರೂ ಬರ್ತಾರೆ." ಮುಂದಿನ ತಿಂಗಳು ಗುಮಾಸ್ತ ತೀರಿಕೊಂಡ. ಅದರ ಮುಂದಿನ ತಿಂಗಳು ಗೋಲಿಯ ಮಾತು ನಿಂತಿತು. ಬೇರೆ ಊರಲ್ಲಿ ಬಸ್ಸು ಓಡಿಸುವ ಗಂಡ ವಾರಕ್ಕೊಮ್ಮೆ ಬಂದು, "ಆಗೋದಾಗುತ್ತೆ ಬಿಡೇ," ಅಂದು ಹೋಗುತ್ತಿದ್ದ. ಕೆಳಗೆ ಬಾರು, ಮೇಲೆ ಮನೆ. ಕಟ್ಟಡ ಹೋದರೆ ಒಟ್ಟಿಗೇ ಎರಡೂ ಹೋಗುತ್ತವೆಂಬುದು ಅವಳಿಗೆ ಮಾತ್ರ ನಿದ್ದೆಯಲ್ಲೂ ನೆನಪಿರುತ್ತಿತ್ತು.

ಮೂರು ದಿನದ ಹಿಂದೆ ಕಾಗದ ಬಂತು. ಶನಿವಾರ ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆ. ಬಾರು ನಡೆಸುವವರಿಗೆ ಅಧಿಕಾರಿ ಬರುತ್ತಾರೆಂದರೆ ಅರ್ಥ ಒಂದೇ. ಆರೋಗ್ಯ ಇಲಾಖೆಯವರು ಬಂದಾಗ ಸುಣ್ಣ, ಲೈಸೆನ್ಸಿನವರು ಬಂದಾಗ ಬಣ್ಣ. ಆರೋಗ್ಯದವರು ಆ ಒಂದು ಗೋಡೆಯ ಬಗ್ಗೆ ಎರಡು ಸಲ 'ಗಲೀಜು' ಎಂದು ಬರೆದು ಹೋಗಿದ್ದರು. ಎರಡು ಸಲವೂ ಗೋಲಿ, "ಬೇಕಾದ್ರೆ ನನಗೆ ಸುಣ್ಣ ಹೊಡೀರಿ, ಗೋಡೆಗೆ ಬೇಡ," ಅಂದಿದ್ದರು. ಅದು ಮುದುಕರ ಹಟವೆಂದೇ ಸೊಸೆ ತಿಳಿದಿದ್ದಳು. ಈ ಸಲ ಹಟ ನೋಡಿಕೊಂಡು ಕೂತರೆ ಕಟ್ಟಡವೇ ಹೋಗುತ್ತದೆ.

"ಅಕ್ಕಾ, ನೀವು ಬಣ್ಣದ ಡಬ್ಬ ತನ್ನಿ, ಕೂಲಿ ಮಾತು ಬೇಡ," ಅಂದಿದ್ದ ಪೇಂಟರ್. ಶುಕ್ರವಾರ ಬೆಳಿಗ್ಗೆಯಿಂದಲೇ ಬೀದಿಯ ಹತ್ತು ಜನ ಸೇರಿದರು. ಒಬ್ಬ ಬೆಂಚು ತೊಳೆದ, ಒಬ್ಬ ಫ್ಯಾನು ಒರೆಸಿದ. ರೆಫ್ರಿ ಕೂತಲ್ಲಿಂದಲೇ ಅಲ್ಲಿ ಬಿಟ್ಟಿತು, ಇಲ್ಲಿ ಬಿಟ್ಟಿತು ಎಂದು ತೋರಿಸಿದ. ಪೇಂಟರ್ ಉಜ್ಜುಕಾಗದ ಹಿಡಿದು ಗೋಡೆ ಉಜ್ಜಲು ಶುರುಮಾಡಿದಾಗ ಗೋಲಿಯ ಎಡಗೈ ಎದ್ದಿತು. ಕುರ್ಚಿಯ ಕೈಯನ್ನು ಬಡಿಯಿತು, ಮತ್ತೆ ಬಡಿಯಿತು, ನಿಲ್ಲಲೇ ಇಲ್ಲ.

"ನೋಡ್ರೋ, ಗೋಲಿ ಗೋಲು ಕೊಟ್ರು," ಅಂದ ರೆಫ್ರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಲಿಯ ಕಣ್ಣಲ್ಲಿ ನೀರು ಬಂದದ್ದನ್ನು ಸೊಸೆ ನೋಡಿದಳು. ಲಕ್ವ ಹೊಡೆದವರಿಗೆ ಖುಷಿಗೂ ಕಣ್ಣೀರು ಬರುತ್ತದೆಂದು ಡಾಕ್ಟರು ಹೇಳಿದ್ದರು. ಅವಳು ಸೆರಗಿನಿಂದ ಒರೆಸಿ, "ಆಯ್ತು ಮಾವ, ಸುಸ್ತು ಮಾಡ್ಕೋಬೇಡಿ," ಎಂದು ಆ ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟಳು. ಅದು ಮತ್ತೆ ಎದ್ದಿತು. ಮತ್ತೆ ಇಟ್ಟಳು. ಎರಡನೇ ಕೋಟು ಮುಗಿಯುವ ಹೊತ್ತಿಗೆ ಕೈ ತಾನಾಗಿಯೇ ಸುಮ್ಮನಾಗಿತ್ತು.

ಈಗ ಅಧಿಕಾರಿಗೆ ಬೇಕಾದ ಹಾಳೆ ಸಿಕ್ಕಿತು. ಅವಳು ಸೊಸೆಗಿಂತ ಚಿಕ್ಕವಳು. ಬೈಯುವ ಅಭ್ಯಾಸ ಇನ್ನೂ ಅಂಟದ ಮುಖ. "ಇದು ನಿಮ್ಮ ಮಾವ ಬರೆಸಿದ್ದು. ನೀವು ಓದಿದೀರಾ?" ಎಂದಳು. ಸೊಸೆ ಇಲ್ಲವೆಂದು ತಲೆಯಾಡಿಸಿದಾಗ ತಾನೇ ಓದಿದಳು.

"'ಈ ಕಟ್ಟಡದಲ್ಲಿ ವಿಶೇಷ ಏನೂ ಇಲ್ಲ. ಇಟ್ಟಿಗೆ ಸಾಧಾರಣ, ಮಾಡು ತಗಡು. ಆದರೆ ಬಾಗಿಲಿಗೆ ಎದುರಾದ ಗೋಡೆಯ ಮೇಲೆ ನಾನು ಹತ್ತೊಂಬತ್ತು ವರ್ಷ ಬರೆದಿದ್ದೇನೆ. ಕುಲುಮೆ ಒಡೆದು ಸತ್ತ ಏಳು ಜನರ ಹೆಸರು ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ, ಕಾರ್ಖಾನೆಯ ಕಾಗದದಲ್ಲೂ ಇಲ್ಲ. ದಯವಿಟ್ಟು ಬಂದು ಗೋಡೆಯನ್ನು ನೋಡಬೇಕು.'"

ಫ್ಯಾನು ಗರಗರ ತಿರುಗುತ್ತಿತ್ತು. ಪೇಂಟರ್ ಬಟ್ಟೆಯ ಚಿಂದಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ನಿನ್ನೆ ಅವರು ಹಂಗೆ ಬಡೀತಿದ್ರಲ್ಲ..." ಎಂದು ರೆಫ್ರಿ ಶುರುಮಾಡಿದವನು ಅಲ್ಲಿಗೇ ಬಾಯಿ ಮುಚ್ಚಿದ. ಅವನು ಮಾತು ಅರ್ಧಕ್ಕೆ ಬಿಟ್ಟದ್ದನ್ನು ಆ ಬಾರು ಅದೇ ಮೊದಲು ಕಂಡದ್ದು.

ಸೊಸೆ ಮಾವನ ಕಡೆ ತಿರುಗಲಿಲ್ಲ. ತಿರುಗುವ ಧೈರ್ಯ ಬರಲಿಲ್ಲ. "ಕೆರೆದ್ರೆ ಬರಲ್ವಾ?" ಎಂದು ಪೇಂಟರನ್ನು ಕೇಳಿದಳು. "ಮೇಲಿನ ಬಣ್ಣ ಮಾತ್ರ ಕೆರೆದ್ರೆ?"

ಪೇಂಟರ್ ಬಣ್ಣ ಕೆರೆಯುವ ಕತ್ತಿ ತೆಗೆದುಕೊಂಡು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಗೇಣು ಕೆರೆದ. ಕೆನೆಬಣ್ಣ ಸುರುಳಿಯಾಗಿ ಬಂತು, ಅದರ ಕೆಳಗೆ ಗೋಡೆ ನುಣುಪಾಗಲೆಂದು ಬಳಿದಿದ್ದ ಬಿಳಿ ಪುಟ್ಟಿ, ಅದರ ಕೆಳಗೆ ಬೋಳು ಗಾರೆ. ಇನ್ನೊಂದು ಕಡೆ ಕೆರೆದ. ಅಲ್ಲೂ ಅಷ್ಟೇ.

"ಉಜ್ಜಿಬಿಟ್ಟೆ ಅಕ್ಕಾ," ಅಂದ. "ಬಾಡಿಗೆ ಮನೆ ಆಗಿದ್ರೆ ಉಜ್ತಿರಲಿಲ್ಲ. ಹಂಗೇ ಮೇಲೆ ಎಳೆದು ಹೋಗ್ತಿದ್ದೆ. ನಮ್ದೇ ಅಂತ ಚೆನ್ನಾಗಿ ಉಜ್ಜಿದೆ." ಯಾರೂ ಕೇಳದಿದ್ದರೂ ಹೇಳಿದ: "ಆ ಏಳರಲ್ಲಿ ಮೂರನೇದು ನಮ್ಮಣ್ಣಂದು. ಉಜ್ಜೋ ಮುಂಚೆ ಕೈಯಿಟ್ಟು ಮುಟ್ಟಿದ್ದೆ. ಬಾರು ಉಳಿಯುತ್ತಲ್ಲ, ಅಣ್ಣ ಏನೂ ಅಂದ್ಕೊಳಲ್ಲ ಅಂದ್ಕೊಂಡೆ."

"ಧೂಳು ಎಲ್ಲಿ ಹಾಕಿದ್ರಿ?" ಎಂದು ಅಧಿಕಾರಿ ಕೇಳಿ, ಕೇಳಿದ್ದಕ್ಕೆ ತಾನೇ ನಾಚಿಕೊಂಡಳು. ಧೂಳಿನಿಂದ ಏನಾಗಬೇಕು?

"ಗುಡಿಸಿ ಹಾಕಿದ್ವಿ," ಅಂದಳು ಸೊಸೆ. "ಕೆಂಪಗಿತ್ತು."

ರೆಫ್ರಿ ಮೊಬೈಲು ತೆಗೆದ. ಪೇಂಟರೂ ತೆಗೆದ. ಹತ್ತು ವರ್ಷದ ಗೆಲುವಿನ ಫೋಟೋಗಳಿದ್ದವು. ತಮ್ಮ ನೆಚ್ಚಿನ ತಂಡ ಗೆದ್ದ ದಿನ ಎಲ್ಲರೂ ಟಿವಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಒಂದೆರಡರಲ್ಲಿ ಗೋಡೆ ಹಿಂದೆ ಬಂದಿತ್ತಾದರೂ ಎತ್ತಿದ ಕೈಗಳು ಅದನ್ನು ಮುಚ್ಚಿದ್ದವು. ಅಧಿಕಾರಿ ಒಂದೊಂದನ್ನೂ ದೊಡ್ಡದು ಮಾಡಿ ತಾಳ್ಮೆಯಿಂದ ನೋಡಿದಳು. ಒಂದರಲ್ಲಿ ಯಾರದೋ ಕಂಕುಳ ಸಂದಿಯಲ್ಲಿ 'ಎರಡಕ್ಕೆ ಒಂದು' ಎನ್ನುವಷ್ಟು ಕಂಡಿತು. ವರ್ಷ ಕಾಣಲಿಲ್ಲ, ಯಾರ ಮೇಲೆ ಅನ್ನುವುದೂ ಕಾಣಲಿಲ್ಲ.

"ನಾವು ಬಾಯಲ್ಲಿ ಹೇಳ್ತೀವಿ, ನೀವು ಬರ್ಕೊಳ್ಳಿ," ಅಂದ ರೆಫ್ರಿ. "ಏಳು ಜನ ಯಾರ‍್ಯಾರು ಅಂತ ಬೀದಿಗೇ ಗೊತ್ತು." ಅವನು ಬೆರಳು ಮಡಚುತ್ತಾ ಒಂದೊಂದೇ ಹೆಸರು ಹೇಳಿದ. ಐದರವರೆಗೆ ಸರಾಗ ಬಂತು. ಆರನೆಯದಕ್ಕೆ ಅವನು ಒಂದು ಹೇಳಿದ, ಪೇಂಟರ್ ಇನ್ನೊಂದು ಹೇಳಿದ. ಏಳನೆಯದಕ್ಕೆ ಇಬ್ಬರೂ ಮೂಲೆಯ ಕುರ್ಚಿಯ ಕಡೆ ನೋಡಿದರು. ಅದು ಗೊತ್ತಿದ್ದದ್ದು ಅವರೊಬ್ಬರಿಗೇ.

"ಹೇಳಿದ್ದನ್ನ ಬರ್ಕೋತೀನಿ," ಅಂದಳು ಅಧಿಕಾರಿ. "ಆದ್ರೆ ಪಟ್ಟಿಗೆ ಕಟ್ಟಡದಲ್ಲಿ ಏನಿದೆ ಅನ್ನೋದೇ ಮುಖ್ಯ. ಕಂಡದ್ದನ್ನ ಬರೀಬೇಕು ನಾನು. ಸೋಮವಾರ ಪಟ್ಟಿ ಮುಚ್ಚುತ್ತೆ."

ಸೊಸೆ ಅವಳಿಗೆ ನೀರು ತಂದುಕೊಟ್ಟಳು. ಅವಳು ಕುಡಿದು ಮುಗಿಸುವವರೆಗೂ ನಿಂತಿದ್ದು, ಲೋಟ ಈಸಿಕೊಳ್ಳುತ್ತಾ ಕೇಳಿದಳು: "ನಾವು ಏನು ಮಾಡಬೇಕಿತ್ತು ಮೇಡಂ?"

ಅಧಿಕಾರಿ ಸುಳ್ಳು ಹುಡುಕಿದಂತೆ ಕಂಡಿತು. ಸಿಗಲಿಲ್ಲ. "ಏನೂ ಮಾಡಬೇಕಿರಲಿಲ್ಲ," ಅಂದಳು.

ಹೊರಡುವ ಮುಂಚೆ ಅವಳು ಗೋಲಿಯ ಮುಂದೆ ಬಗ್ಗಿ, "ಬರ್ತೀನಿ ತಾತ," ಅಂದಳು. ಅವರು ಅವಳನ್ನು ನೋಡಲಿಲ್ಲ. ಪೇಂಟರ್ ಕೆರೆದಿದ್ದ ಎರಡು ಗೇಣು ಜಾಗವನ್ನು ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ಅಧಿಕಾರಿ ಕಡತದಲ್ಲಿ ಒಂದೂವರೆ ಸಾಲು ಬರೆದಳು. ಏನು ಬರೆದಳೆಂದು ಯಾರೂ ಕೇಳಲಿಲ್ಲ.

ಸೊಸೆ ಮಾವನ ಕಾಲ ಬುಡದಲ್ಲಿ ಕೂತಳು. ಅವರ ಎಡಗೈಯನ್ನು ತೊಡೆಯ ಮೇಲಿಂದ ಎತ್ತಿ, ನಿನ್ನೆ ಎಲ್ಲಿಂದ ಇಳಿಸಿದ್ದಳೋ ಅಲ್ಲಿಗೆ, ಕುರ್ಚಿಯ ಕೈಯ ಮೇಲೆ, ಬಡಿದು ಬಡಿದು ಪಾಲಿಶ್ ಹೋಗಿ ನುಣುಪಾಗಿದ್ದ ಜಾಗದಲ್ಲಿ ಇಟ್ಟಳು. ಅದು ಅಲ್ಲಿ ನಿಲ್ಲದೆ ಜಾರಿತು.

ನಾಲ್ಕೂವರೆಗೆ ಜನ ಬರತೊಡಗಿದರು. ಅವರಿಗೆ ಏನೂ ಗೊತ್ತಿರಲಿಲ್ಲ. "ಏನಕ್ಕಾ, ಹೊಸ ಮದುಮಗಳ ಥರ ಆಗಿದೆಯಲ್ಲ ನಮ್ಮ ಬಾರು," ಅಂದ ಒಬ್ಬ. "ಅಧಿಕಾರಿ ಬಂದಿದ್ರಾ? ಏನಂದ್ರು?" ಅಂದ ಇನ್ನೊಬ್ಬ. "ನೋಡ್ಕೊಂಡು ಹೋದ್ರು," ಅಂದಳು ಸೊಸೆ. ಪೇಂಟರ್ ಎದ್ದು ಹೋಗಿ, ಕೆರೆದ ಜಾಗ ಕಾಣದಂತೆ ಏಣಿಯನ್ನು ಅಡ್ಡ ನಿಲ್ಲಿಸಿ ಬಂದ. ಅವಳು ಬಾಟಲಿಗಳ ಮುಚ್ಚಳ ತೆಗೆಯುತ್ತಾ ಹೋದಳು. ಕೈ ಕೆಲಸ ಮಾಡುತ್ತಿರುವಷ್ಟು ಹೊತ್ತು ಬೇರೇನೂ ಮಾಡಬೇಕಾಗಿರಲಿಲ್ಲ.

ಪಂದ್ಯ ಶುರುವಾಯಿತು. ಮೊದಲರ್ಧದಲ್ಲಿ ಏನೂ ಆಗಲಿಲ್ಲ. ಎಪ್ಪತ್ತನೇ ನಿಮಿಷಕ್ಕೆ ಬಲಮೂಲೆಯಿಂದ ಬಂದ ಚೆಂಡು ತಲೆಗೆ ತಾಗಿ ಬಲೆಯೊಳಗೆ ಹೋಯಿತು. ಬಾರಿಗೆ ಬಾರೇ ಎದ್ದು ನಿಂತಿತು. ರೂಢಿಯಂತೆ, ಕೂಗುವ ಮುಂಚೆ, ನಲವತ್ತು ತಲೆಗಳು ಮೂಲೆಯ ಕುರ್ಚಿಯ ಕಡೆ ತಿರುಗಿ ಬಡಿತಕ್ಕೆ ಕಾದವು.

ಗೋಲಿಯ ಎಡಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಜನ ಬಾಯಿ ತೆರೆದುಕೊಂಡೇ ನಿಂತರು. ಯಾರೋ ಒಬ್ಬ ಕೂತ. ಅವನನ್ನು ನೋಡಿ ಪಕ್ಕದವನೂ ಕೂತ. ಟಿವಿಯಲ್ಲಿ ಅದೇ ಗೋಲನ್ನು ಮತ್ತೊಮ್ಮೆ, ನಿಧಾನವಾಗಿ, ತೋರಿಸುತ್ತಿದ್ದರು. ಗೋಲ್‌ಕೀಪರ್ ಎರಡೂ ಕೈ ಚಾಚಿ ಹಾರಿದ್ದ. ಚೆಂಡು ಆಗಲೇ ಗೆರೆ ದಾಟಿತ್ತು.